ಏಳನೇ ಟ್ಯೂಬಿನ ಹೆಸರು

ಕುರುಗೋಡಿನ ಹನ್ನೊಂದು ಹೆಂಗಸರಿಗೆ, ಮೈಯಲ್ಲಿ ರಕ್ತ ಕಡಿಮೆ ಇದೆಯೋ ಏನೋ ನೋಡುತ್ತೇವೆ ಎಂದು ಹೇಳಿ, ಬೇರೆ ಕೆಲಸಕ್ಕೆ ಅವರ ರಕ್ತ ತೆಗೆದುಕೊಂಡೆವು. ಹೇಳಿದವಳು ನಾನು, ಸೂಜಿ ಚುಚ್ಚಿದವನು ಪ್ರದೀಪ. ಈಗ ಬೆಳಿಗ್ಗೆ ಹತ್ತೂವರೆ, ಇಂಕ್ ಪ್ಯಾಡಿನ ಮುಚ್ಚಳ ತೆಗೆದಿದ್ದೇನೆ, ಆ ನೀಲಿ ವಾಸನೆ ಮೂಗಿಗೆ ಹತ್ತುತ್ತಿದೆ, ಸಿರುಗುಪ್ಪದ ತಾಲ್ಲೂಕು ಕಚೇರಿಯ ವಾಸನೆ ಇದು, ನನಗೆ ಏಳು ವರ್ಷ, ಅವ್ವನ ಸೆರಗು ಹಿಡಿದು ಕಿಟಕಿಯ ಮುಂದೆ ನಿಂತಿದ್ದೇನೆ — ಇಲ್ಲ, ಅಲ್ಲಿಗೆ ಈಗ ಹೋಗಬಾರದು, ಎದುರಿಗಿರುವುದು ಹನ್ನೊಂದು ಒಪ್ಪಿಗೆ ಪತ್ರ, ನಿನ್ನೆ ಸಂಜೆ ಛಾಪಿಸಿದವು, ಆರು ತಿಂಗಳ ಹಿಂದಿನ ತಾರೀಕು ಹೊತ್ತವು, ಒಂದೊಂದರ ಬಲಮೂಲೆಯಲ್ಲಿ ಒಂದೊಂದು ಖಾಲಿ ಚೌಕ. ಚನ್ನಬಸವರಾಜ ಸರ್ ಹೇಳಿ ಹೋಗಿ ಹತ್ತು ನಿಮಿಷವಾಯಿತು, ಈ ಪ್ರಯೋಗಾಲಯ ಅವರದು, ತೆಕ್ಕಲಕೋಟೆಯ ಕೂಲಿಯವರ ಮಗಳು ದುರ್ಗಾದೇವಿಯನ್ನು, ಅಂದರೆ ನನ್ನನ್ನು, ಸೂಕ್ಷ್ಮದರ್ಶಕದ ಮುಂದೆ ಕೂರಿಸಿದವರೂ ಅವರೇ, ಎಂದೂ ದನಿ ಏರಿಸಿದವರಲ್ಲ. ಒಪ್ಪಿಗಿ ಪತ್ರ ನೋಡೋ ಪರಿಶೀಲನೆಯವರು ತೋರಣಗಲ್ಲಿನಾಗ ಇಳಿದಾರವ್ವ, ಕಾರು ಹೊಂಟೈತಿ, ತಾಸಿನಾಗ ಬರ್ತಾರ, ಅಷ್ಟರಾಗ ಚೌಕ ತುಂಬಿಸಿಬಿಡು ಅಂದರು. ಯಾರ ಹೆಬ್ಬೆಟ್ಟು ಸರ್ ಎಂದು ಕೇಳಿದೆ. ನಕ್ಕರು. ನಿನಗ ಹತ್ತು ಬೆರಳು ಅದಾವಿಲ್ಲೋ, ಹನ್ನೊಂದನೇದು ಪ್ರದೀಪನ್ನ ಕೇಳು. ಬಾಗಿಲಲ್ಲಿ ನಿಂತಿದ್ದ ಪ್ರದೀಪ, ನನ್ನ ಕಾಲ್ಬೆರಳು ನಡೀತೈತೇನ್ರಿ ಸರ್ ಅಂದ, ಇಬ್ಬರೂ ನಕ್ಕರು, ನಾನೂ ನಕ್ಕೆ, ಅದನ್ನು ಮರೆಯಬಾರದು, ನಾನೂ ನಕ್ಕೆ, ಆ ನಗು ಇನ್ನೂ ಹಲ್ಲಿನ ಮೇಲೆ ಒಣಗುತ್ತ ಕೂತಿದೆ. ಪತ್ರದಲ್ಲಿ ಆರು ಸಾಲುಗಳಿವೆ, ಕೊನೆಯ ಸಾಲು — ಪರೀಕ್ಷೆಯ ಫಲಿತಾಂಶವನ್ನು ನನಗೆ ತಿಳಿಸುವ ಅಗತ್ಯವಿಲ್ಲ ಎಂದು ನಾನು ಒಪ್ಪಿರುತ್ತೇನೆ. ನಾನು ಅಂದರೆ ಯಾರು, ಈ ಬೆರಳು ಒತ್ತಿದ ಮೇಲೆ ನಾನು ಅಂದರೆ ಸಾವಂತ್ರಮ್ಮ, ಮುಂದಿನ ಹಾಳೆಯಲ್ಲಿ ನಾನು ಅಂದರೆ ಸರೋಜಾ, ಅದರ ಮುಂದಿನದರಲ್ಲಿ ಮತ್ತೊಬ್ಬಳು, ಹನ್ನೊಂದು ಮಂದಿ ನನ್ನ ಚರ್ಮದಿಂದ ಬಾಯಿ ತೆರೆದು, ನಮಗೇನೂ ಹೇಳಬೇಡಿರಿ ಎನ್ನುತ್ತಾರೆ.

ಬೆನ್ನ ಹಿಂದೆ ಇನ್‌ಕ್ಯುಬೇಟರ್ ಗುಂಯ್‌ಗುಡುತ್ತಿದೆ, ಮೂವತ್ತೇಳು ಡಿಗ್ರಿ, ಮನುಷ್ಯರ ಮೈಬಿಸಿ, ಒಳಗೆ ಚಪ್ಪಟೆ ಬಾಟಲಿಗಳಲ್ಲಿ ತಿಳಿಗುಲಾಬಿ ನೀರು, ಆ ನೀರಿನಲ್ಲಿ ಏಳನೇ ನಂಬರಿನ ಹೆಂಗಸಿನ ಜೀವಕೋಶಗಳು, ಹೆಪ್ಪುಗಟ್ಟಿಸಿ ಇಟ್ಟಿದ್ದವನ್ನು ಕರಗಿಸಿ ಬೆಳೆಸಿದ್ದು ನಾನೇ, ಆಕೆ ಈ ಹೊತ್ತು ಕುರುಗೋಡಿನ ಮೆಣಸಿನಕಾಯಿ ಹೊಲದಲ್ಲಿ ಬಗ್ಗಿ ನಿಂತಿರುತ್ತಾಳೆ, ಇದೇ ಹೊತ್ತು ಇಲ್ಲಿಯೂ ಇದ್ದಾಳೆ, ಉಣ್ಣುತ್ತಿದ್ದಾಳೆ, ಎರಡಾಗುತ್ತಿದ್ದಾಳೆ, ಎರಡರಿಂದ ನಾಲ್ಕಾಗುತ್ತಿದ್ದಾಳೆ, ಅದು ಆಕೆಗೆ ಗೊತ್ತಿಲ್ಲ, ದಿನಾ ಬೆಳಿಗ್ಗೆ ನಾನು ಬಾಗಿಲು ತೆಗೆದಾಗ ಒಳಗಿನ ಹಬೆ ಮುಖಕ್ಕೆ ಬಡಿಯುತ್ತದೆ, ಯಾರೋ ತೀರಾ ಹತ್ತಿರ ನಿಂತು ಉಸಿರು ಬಿಟ್ಟ ಹಾಗೆ, ಒಮ್ಮೆ ಬಾಯಿ ತಪ್ಪಿ ಉಂಡ್ಯೇನಬೇ ಎಂದು ಕೇಳಿದ್ದೇನೆ, ಕೇಳಿ ಹಿಂದೆ ತಿರುಗಿ ನೋಡಿದ್ದೇನೆ. ಆ ಕೋಶಗಳೊಳಗೆ ಒಂದು ಕಾವಲಿನ ಜೀನು ಇದೆ, ಎಲ್ಲರಲ್ಲೂ ಇರುತ್ತದೆ, ಕೋಶ ಅಂಕೆ ಮೀರಿ ಬೆಳೆಯಹೊರಟರೆ ತಡೆಯುವುದು ಅದರ ಕೆಲಸ, ಏಳನೆಯವಳಲ್ಲಿ ಅದರ ಒಂದು ಅಕ್ಷರವೂ ಕೆಟ್ಟಿಲ್ಲ, ಮೂರು ಸಲ ಓದಿಸಿ ನೋಡಿದ್ದೇನೆ, ಅಕ್ಷರ ಸರಿ, ಸಾಲು ಸರಿ, ಆದರೂ ನೂರು ಕೋಶಗಳಲ್ಲಿ ಅರವತ್ತರಲ್ಲಿ ಅದು ಮಾತಾಡುವುದಿಲ್ಲ. ಮಾತಾಡದ ಹಾಗೆ ಮಾಡುವುದು ಯಾರೋ ಒಬ್ಬರಲ್ಲ, ಮೊದಲು ಒಂದು ಕಿಣ್ವ ಬರುತ್ತದೆ, ಜೀನಿನ ಹೊಸ್ತಿಲ ಮೇಲೆ ಮೀಥೈಲ್ ಎಂಬ ಸಣ್ಣ ಗುರುತು ಇಟ್ಟು ಹೋಗುತ್ತದೆ, ಅಷ್ಟೇ ಅದರ ಪಾಲು, ಆ ಗುರುತು ಕಂಡು ಇನ್ನೊಂದು ಪ್ರೋಟೀನು ಬಂದು ಕೂರುತ್ತದೆ, ಅದು ತಾನಾಗಿ ಏನನ್ನೂ ಮುಟ್ಟುವುದಿಲ್ಲ, ತನ್ನ ಕಡೆಯವರನ್ನು ಕರೆಯುತ್ತದೆ, ಕರೆದಾಗ ಒಂದು ಗುಂಪೇ ಬರುತ್ತದೆ, ಒಬ್ಬರ ಭುಜಕ್ಕೆ ಒಬ್ಬರು ಅಂಟಿಕೊಂಡು, ಅದರಲ್ಲಿ ಡಿಅಸಿಟೈಲೇಸ್ ಎಂಬ ಕಿಣ್ವವಿರುತ್ತದೆ, ಡಿಎನ್‌ಎ ದಾರ ಸುತ್ತಿಕೊಂಡಿರುವ ಹಿಸ್ಟೋನ್ ಉಂಡೆಗಳ ಮೇಲಿನ ಅಸಿಟೈಲ್ ಗುಂಪುಗಳನ್ನು, ದಾರ ಸಡಿಲವಿರಲಿ ಎಂದು ಇರುವವನ್ನು, ಒಂದೊಂದಾಗಿ ಕಿತ್ತು ಹಾಕುತ್ತದೆ, ದಾರ ಬಿಗಿಯುತ್ತದೆ, ಮಡಿಕೆಯ ಮೇಲೆ ಮಡಿಕೆ ಬೀಳುತ್ತದೆ, ಜೀನನ್ನು ಓದಿ ನಕಲು ತೆಗೆಯಬೇಕಾದ ಪಾಲಿಮರೇಸ್ ಹೊಸ್ತಿಲ ತನಕ ಬಂದು, ಕೂರಲು ಜಾಗವಿಲ್ಲದೆ, ಹೋಗಿಬಿಡುತ್ತದೆ. ಯಾರೂ ಕೊಂದಿಲ್ಲ, ಯಾರೂ ಹರಿದಿಲ್ಲ, ಎಲ್ಲರೂ ತಂತಮ್ಮ ಚಿಕ್ಕ ಕೆಲಸ ಮಾಡಿ ಮುಗಿಸಿದ್ದಾರೆ. ಹೋದ ವಾರ ಆ ಕೋಶಗಳಿಗೆ ಫಾರ್ಮಾಲ್ಡಿಹೈಡ್ ಹಾಕಿದೆ, ಹತ್ತು ನಿಮಿಷ, ಯಾರು ಎಲ್ಲಿ ಕೂತಿದ್ದರೋ ಅಲ್ಲಿಯೇ ಅಂಟಿಕೊಂಡರು, ಇನ್ನು ಏಳುವಂತಿಲ್ಲ, ಮುಖ ತಿರುಗಿಸುವಂತಿಲ್ಲ, ಆಮೇಲೆ ಪ್ರತಿಕಾಯ ಹಾಕಿ ಒಬ್ಬೊಬ್ಬರನ್ನೇ ಎಳೆದು ನೋಡಿದೆ, ಯಾವ ಎಳೆಯ ಮೇಲೆ ಕೂತಿದ್ದಿರಿ ತೋರಿಸಿ ಎಂದು. ಎಲ್ಲರೂ ಅಲ್ಲಿಯೇ ಇದ್ದರು. ಆ ಹೊಸ್ತಿಲಿನ ಮೇಲೆ, ಇಡೀ ಗುಂಪು, ಕದಲದೆ.

ಸರ್‌ಗೆ ತೋರಿಸಿದಾಗ ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು, ಮಸ್ತ್ ಬಂದೈತಿ ಅಂದರು, ಎಣ್ಣಿ ಕಲಸೋ ಕೈಗೂ ಇದಕ್ಕೂ ನಂಟು ಐತಿ ಅಂತ ತೋರಿಸಬಹುದು ಅಂದರು, ಮೆಣಸಿನ ಗಿಡಕ್ಕೆ ಹೊಡೆಯುವ ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣೆ ಎನ್ನುತ್ತಾರೆ, ಗಂಡಸರು ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಹೊಡೆಯುತ್ತಾರೆ, ಡ್ರಮ್ಮಿನಲ್ಲಿ ಮೊಣಕೈ ತನಕ ಕೈ ಇಳಿಸಿ ಕಲಸುವವರು ಹೆಂಗಸರು. ಆಕೆಗೆ ಹೇಳಬೇಕಲ್ಲ ಸರ್ ಎಂದೆ. ಏನಂತ ಹೇಳ್ತೀಯವ್ವ, ಇದು ರೋಗ ಅಲ್ಲ, ಗುರುತು ಅಷ್ಟ. ರೋಗವಲ್ಲ, ನಿಜ, ಕಾವಲುಗಾರನ ಬಾಯಿ ಕಟ್ಟಿದ ಮನೆಗೆ ಕಳ್ಳ ಬಂದೇ ಬಿಟ್ಟಿದ್ದಾನೆ ಎಂದಲ್ಲ, ಆದರೆ ಮನೆಯವಳಿಗೆ ತಿಳಿಯಬೇಡವೇ, ದೊಡ್ಡಾಸ್ಪತ್ರೆಗೆ ಹೋಗಿ ತೋರಿಸಿಕೋ ಎಂದು ಹೇಳಬೇಡವೇ, ಡ್ರಮ್ಮಿಗೆ ಕೈ ಹಾಕಬೇಡ ಎಂದಾದರೂ. ಅದೆಲ್ಲ ಆಮ್ಯಾಲೆ ಅಂದರು. ಆಮೇಲೆ ಎಂಬುದಕ್ಕೆ ಕಾಯದೆ ಆ ದಿನವೇ ಸಂಜೆ ನನ್ನ ಫೋನಿನಿಂದಲೇ ಏಳನೇ ನಂಬರಿನವಳಿಗೆ ಕರೆ ಮಾಡಿದೆ, ಟ್ಯೂಬಿನ ಮೇಲಿನ ಚೀಟಿ — ಏಳು, ಗಾದೆಪ್ಪನ ಹೆಂಡತಿ, ಅಂದರೆ ಸಾವಂತ್ರಮ್ಮ, ಆಗಲೇ ಗೊತ್ತಾಯಿತು ನಾವು ಮಾಡಿದ ಇನ್ನೊಂದು ಕೆಲಸ. ರಕ್ತ ತೆಗೆದ ದಿನ ಕನ್ನಡ ಸಾಲಿಯ ಕಟ್ಟೆಯ ಮೇಲೆ, ನೆತ್ತಿಯ ಮೇಲೆ ಬಿಸಿಲು, ಎದುರಿಗೆ ಕುರುಗೋಡಿನ ಬೋಳು ಗುಡ್ಡ, ಹನ್ನೊಂದು ಮಂದಿಯಲ್ಲಿ ಇಬ್ಬರು ಸಾವಂತ್ರಮ್ಮ, ಮೂವರು ಸರೋಜಾ, ಹಾಗಾಗಿ ಗಂಡನ ಹೆಸರನ್ನೂ ಚೀಟಿಗೆ ಬರೆ ಎಂದು ಪ್ರದೀಪನಿಗೆ ಹೇಳಿದವಳು ನಾನು, ನಿಮ್ಮ ಯಜಮಾನರ ಹೆಸರೇನಬೇ ಎಂದು ಕೇಳಿದವಳೂ ನಾನು, ಸಾವಂತ್ರಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು, ಗಂಡನ ಹೆಸರು ಹೇಳುವ ಹೆಂಗಸು ನಮ್ಮ ಕಡೆ ಇಲ್ಲ, ಕೇಳಿದರೆ ಪಕ್ಕದವಳು ಹೇಳುತ್ತಾಳೆ, ಪಕ್ಕದವಳದನ್ನು ಈಕೆ ಹೇಳುತ್ತಾಳೆ, ಇದು ನನಗೆ ಹುಟ್ಟಿನಿಂದ ಗೊತ್ತು. ಹಿಂದೆ ಕೂತಿದ್ದ ಸರೋಜಾ, ಗಾದೆಪ್ಪ ಅಂತ ಬರಕೋರಿ ಅಂದಳು. ತಲೆ ಬಗ್ಗಿಸಿ ಚೀಟಿ ಬರೆಯುತ್ತಿದ್ದ ಪ್ರದೀಪನಿಗೆ ದನಿ ಬಂದ ಕಡೆ ಕೂತವಳೇ ಗಾದೆಪ್ಪನ ಹೆಂಡತಿ ಅನ್ನಿಸಿತು, ಬಳ್ಳಾರಿ ಪೇಟೆಯಲ್ಲಿ ಹುಟ್ಟಿದವನು, ಅವನ ಮನೆಯಲ್ಲಿ ಅವ್ವ ಅಪ್ಪನನ್ನು ಹೆಸರು ಹಿಡಿದೇ ಕೂಗುತ್ತಾಳಂತೆ, ಅವನು ಗಾದೆಪ್ಪನ ಚೀಟಿಯನ್ನು ಸರೋಜಾಳ ಟ್ಯೂಬಿಗೆ ಹಚ್ಚಿದ. ಅಥವಾ ಹಚ್ಚಿ, ಕಿತ್ತು, ಸರಿಮಾಡಿದ. ಅದೇ ಗೊತ್ತಿಲ್ಲ. ಅವನಿಗೂ ನೆನಪಿಲ್ಲ. ನಾನು ಆ ಹೊತ್ತು ಏನು ನೋಡುತ್ತಿದ್ದೆ, ಗುಡ್ಡ ನೋಡುತ್ತಿದ್ದೆ.

ಫೋನಿನಲ್ಲಿ ಸಾವಂತ್ರಮ್ಮ ಮೊದಲು ನಕ್ಕಳು. ನಮ್ಮನಿಯವ್ರ ಹೆಸರು ಸರೋಜಿ ಬಾಟ್ಲಿಗೆ ಅಂಟಿಸಿದ್ದನಲ್ರಿ ನಿಮ್ಮ ಹುಡುಗ, ಅವ್ರಿಗೆ ಇಬ್ರು ಹೆಂಡ್ರು ಆದ್ರು ಅಂತ ಹೊಲದಾಗ ವಾರಗಟ್ಲೆ ನಗ್ಯಾಡಿದ್ವಿ, ಸರೋಜಿಗೆ ಇವತ್ತಿಗೂ ಸಣ್ಣಾಕಿ ಅಂತೀವಿ. ಆಮೇಲೆ ಬದಲಿಸಿದನೇನಬೇ ಎಂದು ಕೇಳಿದೆ. ಬದಲಿಸಿದಂಗ ಇತ್ರಿ, ನೋಡಲಿಲ್ಲ, ನೀವು ಓದಿದವ್ರು ಅದೀರಿ, ಸರಿ ಮಾಡಿರ್ತೀರಿ ಅಂತ ಬಿಟ್ವಿ. ಗಾಳಿ ಬೀಸುವ ಸದ್ದು, ದೂರದಲ್ಲಿ ಮೋಟಾರಿನ ಸದ್ದು, ಆಮೇಲೆ ಕೇಳಿದಳು. ರಕ್ತ ಎಷ್ಟು ಐತಂತ್ರೀ ಅಕ್ಕಾರ ನನಗ, ಆರು ತಿಂಗ್ಳಾತು, ಹೇಳ್ತೀನಂದಿದ್ರಿ. ಚಲೋ ಐತಿ ಎಂದೆ. ಚಲೋ ಐತಿ ಎಂದೆ ನಾನು. ಏಳನೆಯದು ಸಾವಂತ್ರಮ್ಮನದೋ ಸರೋಜಾಳದೋ, ಎಂಟನೆಯದು ಸರೋಜಾಳದೋ ಸಾವಂತ್ರಮ್ಮನದೋ, ಎಂಟರಲ್ಲಿ ಕಾವಲಿನ ಜೀನು ಚೆನ್ನಾಗಿ ಮಾತಾಡುತ್ತಿದೆ, ಏಳರಲ್ಲಿ ಬಾಯಿ ಮುಚ್ಚಿದೆ, ಇಬ್ಬರಲ್ಲಿ ಒಬ್ಬಳು, ಯಾರೆಂದು ತಿಳಿಯಲು ಒಂದೇ ದಾರಿ, ಇಬ್ಬರನ್ನೂ ಕರೆದು, ಯಾಕೆಂದು ಹೇಳಿ, ಮತ್ತೆ ರಕ್ತ ತೆಗೆಯಬೇಕು, ಯಾಕೆಂದು ಹೇಳಬೇಕಾದ್ದರಿಂದಲೇ ಅದು ಆಗುವುದಿಲ್ಲ. ಇದನ್ನು ಹೇಳಿದಾಗ ಸರ್ ಅಂದರು, ನಂಬರ್ ನಂಬರ್ ಅಷ್ಟ ದುರ್ಗಾ, ನಾವು ಬರಿಯೋ ಪೇಪರಿನಾಗ ಹೆಸರು ಬರಂಗಿಲ್ಲ, ಯಾಕ ತಲಿ ಕೆಡಿಸ್ಕೋತಿ. ಆ ದಿನದಿಂದ ಇನ್‌ಕ್ಯುಬೇಟರಿನ ಗುಂಯ್ ಎಂಬ ಸದ್ದಿನಲ್ಲಿ ಒಂದು ಹೆಸರು ಇರುವ ಹಾಗೆ ಕೇಳುತ್ತದೆ, ಬಾಯಿ ತೆರೆಯದೆ ಗಂಟಲಲ್ಲೇ ಹೇಳಿದ ಹೆಸರು, ಕಿವಿಗೊಟ್ಟರೆ ಬರೀ ಯಂತ್ರ, ತಿರುಗಿ ಕೂತರೆ ಹೆಸರು.

ಈಗ ಬಂತು, ಬೇಡವೆಂದರೂ ಬಂತು ಆ ಕಿಟಕಿ, ರೇಷನ್ ಕಾರ್ಡಿಗೆ ಬರೆಯುವವನು ಗಂಡನ ಹೆಸರೇನು ಎನ್ನುತ್ತಾನೆ, ಅವ್ವ ಉಚ್ಚೆಂಗೆಮ್ಮ ನನ್ನ ಹೆಗಲು ತಿವಿಯುತ್ತಾಳೆ, ಹೇಳವ್ವ ಎನ್ನುತ್ತಾಳೆ, ನಾನು ರಾಮಾಂಜಿನಿ ಎನ್ನುತ್ತೇನೆ, ನನ್ನ ಬಾಯಲ್ಲಿ ಅವ್ವನ ಗಂಡನ ಹೆಸರು, ಜೋರಾಗಿ ಹೇಳಮ್ಮ ಎನ್ನುತ್ತಾನೆ, ರಾಮಾಂಜಿನಿ, ರಾಮಾಂಜಿನಿ, ಕಚೇರಿಯೆಲ್ಲ ನಗುತ್ತದೆ, ನಾನು ಅವ್ವನ ಬಾಯಿ, ಆಸ್ಪತ್ರೆಯಲ್ಲಿ ನಾನು, ಸಾಲಿಯಲ್ಲಿ ನಾನು, ಚುನಾವಣೆಯ ಚೀಟಿಯವನ ಮುಂದೆ ನಾನು. ಅಪ್ಪ ಹೋದ ಮೇಲೆ ಒಂದು ದಿನ ಕೇಳಿದೆ, ಈಗ ಹೇಳಬಾರದೇನಬೇ, ಬೈಯುವವರು ಯಾರೂ ಇಲ್ಲ. ಅವ್ವ ಬಾಯಿ ತೆರೆದಳು, ತುಟಿ ಆಡಿದವು, ಏನೂ ಬರಲಿಲ್ಲ. ಬರವಲ್ದವ್ವ ಅಂದಳು, ನಾಚಿಕೆಯಿಂದಲ್ಲ, ಕೈ ಮೇಲೆತ್ತಲಾಗದವರು ಎತ್ತಲು ಬರುವುದಿಲ್ಲ ಎನ್ನುವ ಹಾಗೆ. ಆಗ ಹೆದರಿಕೊಂಡಿದ್ದೆ, ಈಗ ಕಾರಣ ಗೊತ್ತು, ಕೋಶ ಎರಡಾಗುವಾಗ ದಾರವೂ ಎರಡಾಗುತ್ತದೆ, ಹಳೆಯ ಎಳೆಯಲ್ಲಿ ಗುರುತು ಇರುತ್ತದೆ, ಹೊಸ ಎಳೆ ಬರಿದಾಗಿ ಹುಟ್ಟುತ್ತದೆ, ಅದು ಬರಿದಾಗಿ ಉಳಿಯಬಹುದಿತ್ತು, ಆದರೆ ಅದಕ್ಕೆಂದೇ ಒಂದು ಕಿಣ್ವ ಇದೆ, ಹಳೆಯದನ್ನು ತಡವಿ ನೋಡಿ ಎಲ್ಲೆಲ್ಲಿ ಗುರುತಿದೆಯೋ ಅಲ್ಲಲ್ಲೇ ಹೊಸದಕ್ಕೂ ಇಡುತ್ತ ಹೋಗುತ್ತದೆ, ಮೊದಲು ಗುರುತು ಇಟ್ಟ ಕೈ ಎಂದೋ ಹೋಗಿರುತ್ತದೆ, ಎಣ್ಣೆ ತೊಳೆದು ಹೋಗಿರುತ್ತದೆ, ಬಾಯಿ ಮುಚ್ಚು ಎಂದವರು ಮಣ್ಣಾಗಿರುತ್ತಾರೆ, ಮಗಳ ಕೋಶ ಬಾಯಿ ಮುಚ್ಚಿಕೊಂಡೇ ಹುಟ್ಟುತ್ತದೆ, ಮೊಮ್ಮಗಳ ಕೋಶವೂ. ನಾನು ಓದಿದೆ, ಹೊರಗೆ ಬಂದೆ ಅಂದುಕೊಂಡಿದ್ದೆ, ನನಗೆ ಎಲ್ಲರ ಗಂಡಂದಿರ ಹೆಸರೂ ಹೇಳಲು ಬರುತ್ತದೆ, ಚಲೋ ಐತಿ ಎಂದು ಮಾತ್ರ ಎಷ್ಟು ಸಲೀಸಾಗಿ ಬಂತು.

ನಾನು ಯಾರು ಈ ಗುಂಪಿನಲ್ಲಿ, ಅದನ್ನು ಹೇಳಿಕೊಳ್ಳಬೇಕು, ಎಲ್ಲೋ ದೂರದಲ್ಲಿ ಕೂತು ಈ ಅಧ್ಯಯನ ಬೇಕು ಎಂದವರು ಕುರುಗೋಡಿಗೆ ಬಂದಿಲ್ಲ, ಸರ್ ಬಂದರೆ ಆ ಹೆಂಗಸರು ಎದ್ದು ನಿಂತು ಸೆರಗು ಹೊದ್ದು ಏನೂ ಇಲ್ರೀ ಎಂದುಬಿಡುತ್ತಿದ್ದರು, ಪ್ರದೀಪನ ಸೂಜಿಗೆ ಕೈ ಒಡ್ಡುತ್ತಿರಲಿಲ್ಲ, ಅವರ ಮೌನ ಎಲ್ಲಿದೆ, ಎಲ್ಲಿ ಹೋಗಿ ಕೂರಬಹುದು ಎಂದು ಗುರುತಿಸಲು ಒಬ್ಬಳು ಬೇಕಿತ್ತು, ಏನಬೇ ಎಂದು ಮಾತಾಡಿಸಲು, ನಾನು ತೆಕ್ಕಲಕೋಟೆಯವಳು, ನಮ್ಮವ್ವನೂ ಮೆಣಸಿನಕಾಯಿ ಬಿಡಿಸಿದಾಕಿ ಎಂದು ಹೇಳಲು, ನಾನು ಏನನ್ನೂ ಕಿತ್ತಿಲ್ಲ, ನಾನು ಬರೀ ಹೋಗಿ ಕೂತೆ, ಕೂತು ಕರೆದೆ. ನಾನು ಕೂತಿದ್ದರಿಂದ ಉಳಿದವರು ಬಂದು ಕೂತರು. ಸರೋಜಾ ಆ ದಿನ ಎದ್ದು ಬಂದು, ನಾನು ಏಳನೇ ಕ್ಲಾಸು ತನಕ ಓದೀನ್ರಿ, ಎಲ್ಲಿ ಸಹಿ ಮಾಡ್ಬೇಕು ತೋರಿಸ್ರಿ ಅಂದಿದ್ದಳು, ಪೆನ್ನು ಕೈಯಲ್ಲೇ ಇತ್ತು, ಮಗನ ಪೆನ್ನಂತೆ, ಸಹಿ ಏನೂ ಬೇಡವ್ವ ಎಂದೆ, ಆಕೆಯ ಮುಖ ಸ್ವಲ್ಪ ಇಳಿಯಿತು, ಈಗ ಆಕೆಯ ಹಾಳೆಯಲ್ಲೂ ಚೌಕವೇ ಇದೆ, ಸರೋಜಾ ಸಹಿ ಮಾಡುತ್ತಾಳೆ ಸರ್ ಎಂದು ನಿನ್ನೆ ಹೇಳಿದೆ, ಎಲ್ಲಾರದೂ ಒಂದೇ ಥರ ಇರಲಿ, ಹೆಬ್ಬೆಟ್ಟೇ ಹಾಕು ಅಂದರು, ಅವಳು ಕಲಿತ ನಾಲ್ಕು ಅಕ್ಷರದ ಮೇಲೂ ನನ್ನ ಬೆರಳು ಕೂರಬೇಕು. ಬೆರಳು ನೋಡಿಕೊಳ್ಳುತ್ತೇನೆ, ಹೆಬ್ಬೆರಳು, ಕಿಟಕಿಯ ಬೆಳಕಿಗೆ ಹಿಡಿಯುತ್ತೇನೆ, ಹೊರಗೆ ಬಳ್ಳಾರಿ ಗುಡ್ಡ ಬಿಸಿಲಿಗೆ ಬಿಳಿಚಿಕೊಂಡಿದೆ, ಬೆರಳಿನ ಗೆರೆಗಳು ಒಂದರ ಸುತ್ತ ಒಂದು ಸುತ್ತಿಕೊಂಡು ಒಳಗೆ ಒಳಗೆ ಹೋಗುತ್ತವೆ, ಬಿಗಿಯಾಗಿ, ನಡುವೆ ಏನನ್ನೋ ಬಚ್ಚಿಟ್ಟುಕೊಂಡ ಹಾಗೆ, ಬಹಳ ಹೊತ್ತು ನೋಡಿದರೆ ಅದು ನನ್ನ ಕೈಗೆ ಯಾರೋ ಕೂರಿಸಿಹೋದ ಬೆರಳಿನಂತೆ ಕಾಣುತ್ತದೆ, ಉಗುರಿನ ಬುಡದಲ್ಲಿ ಕೆಂಪು, ಮೆಣಸಿನಕಾಯಿಯದು, ನಾನು ಎಷ್ಟೋ ವರ್ಷದಿಂದ ಮೆಣಸಿನಕಾಯಿ ಮುಟ್ಟಿಲ್ಲ, ಕಣ್ಣು ಮುಚ್ಚಿ ತೆರೆದರೆ ಇಲ್ಲ, ಬರೀ ಉಗುರು.

ಮೆಟ್ಟಿಲ ಮೇಲೆ ಚಪ್ಪಲಿ ಸದ್ದು, ಸರ್ ಅವರದೇ, ಒಳಗೆ ಬಂದು ಹಾಳೆಗಳನ್ನು ನೋಡಿದರು, ಹನ್ನೊಂದೂ ಹಾಗೇ ಇವೆ, ಬೈಯಲಿಲ್ಲ, ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು, ಯಾಕವ್ವ, ಮೈಯಾಗ ಹುಷಾರಿಲ್ಲೇನು, ಕುಡತಿನಿ ದಾಟಿ ಊರಾಗ ಬಂದಾರಂತ, ಫೋನ್ ಬಂದಿತ್ತು. ಪ್ಯಾಡನ್ನು ತಾವೇ ನನ್ನ ಕಡೆ ಸರಿಸಿದರು. ಕುರುಗೋಡಿಗೆ ಜೀಪು ಕಳಿಸೋಣ ಸರ್ ಎಂದೆ, ಇಬ್ಬರನ್ನಾದರೂ ಕರೆಸೋಣ, ಇದ್ದದ್ದು ಇದ್ದ ಹಾಗೆ ಹೇಳೋಣ, ರಕ್ತ ಕೊಡುವವರು ಕೊಡಲಿ, ಒಲ್ಲೆ ಎನ್ನುವವರು ಒಲ್ಲೆ ಎನ್ನಲಿ. ಅವರು ತಲೆಯಾಡಿಸಿದರು, ನನ್ನ ಮಾತು ಸರಿ ಎನ್ನುವ ಹಾಗೆ, ಸರಿಯಾದ ಮಾತಿಗೆ ಇದು ಜಾಗವಲ್ಲ ಎನ್ನುವ ಹಾಗೆ. ಹೇಳಿದ್ರ ಏನಾಗ್ತೈತಿ ಗೊತ್ತೇನು, ಈ ಬಾಗಿಲು ಮುಚ್ಚತೈತಿ, ನಿನ್ನ ಪಿಎಚ್‌ಡಿ ಇಲ್ಲಿಗೇ ನಿಲ್ಲತೈತಿ, ಆ ಸಾವಂತ್ರಮ್ಮಗ ಅದರಿಂದ ಏನು ಬಂತು. ಅವಳಿಗೆ ಏನು ಬರುತ್ತದೆ ಎಂದು ಅವಳನ್ನು ಕೇಳಿಲ್ಲವಲ್ಲ, ಇದನ್ನು ಹೇಳಿದೆನೋ ಅಂದುಕೊಂಡೆನೋ, ಬಹುಶಃ ಹೇಳಿದೆ, ಯಾಕೆಂದರೆ ಅವರು ನನ್ನ ಮುಖವನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು. ಕೆಳಗೆ ಗೇಟು ತೆರೆದ ಸದ್ದು, ಪ್ರದೀಪ ಬಂದ್ರು ಬಂದ್ರು ಎಂದು ಕೂಗಿದ. ಸರ್ ನನ್ನ ಮುಂಗೈ ಹಿಡಿದರು, ಮೆತ್ತಗೆ, ಅಕ್ಷರ ತಿದ್ದಿಸುವವರ ಹಾಗೆ, ಹೆಬ್ಬೆರಳನ್ನು ಪ್ಯಾಡಿಗೆ ಒತ್ತಿದರು, ತಣ್ಣಗೆ, ಒದ್ದೆ, ಎತ್ತಿದರು, ಏಳನೇ ಹಾಳೆಯನ್ನು ಮೇಲೆ ಇಟ್ಟರು, ಇದೊಂದು ಮೊದಲು ಮುಗಿಸು, ಉಳಿದದ್ದು ತಾನ ಆಗ್ತೈತಿ ಅಂದರು. ನೀಲಿಯಾದ ಬೆರಳು, ಕೆಳಗೆ ಖಾಲಿ ಚೌಕ, ನಾಲ್ಕು ಗೆರೆ, ನಡುವೆ ಬಿಳಿ, ಒತ್ತವ್ವ ಎನ್ನುತ್ತಾರೆ, ಖಾಲಿ ಚೌಕ, ಮೆಟ್ಟಿಲ ಮೇಲೆ ಬೂಟಿನ ಸದ್ದು, ಎರಡು ಜೊತೆ, ಮೂರು ಜೊತೆ, ಖಾಲಿ ಚೌಕ, ಒತ್ತು ದುರ್ಗಾ, ಮುಂಗೈ ಮೇಲೆ ಹಿಡಿತ ಬಿಗಿಯುತ್ತಿದೆ, ನಾಲ್ಕು ಗೆರೆ, ನಡುವೆ ಬಿಳಿ, ನಾಲ್ಕು ಗೆರೆ, ಬಿಳಿ, ನಾನು ಕೈ ಕಿತ್ತುಕೊಂಡೆ, ಬೆರಳನ್ನು ಮುಷ್ಟಿಯೊಳಗೆ ಮಡಿಚಿದೆ, ಬಿಳಿ, ಒತ್ತಂಗಿಲ್ರಿ ಸರ್ ಎಂದೆ, ಬಾಗಿಲು ತೆರೆಯುತ್ತಿತ್ತು, ಬಂದವರಿಗೂ ಕೇಳಲಿ ಎಂದು ಇನ್ನೊಮ್ಮೆ, ಜೋರಾಗಿ, ಒತ್ತಂಗಿಲ್ಲ.